ಆರೂವರೆಯೋ, ಮುನ್ನೂರೋ

ಕ್ಯಾರಿ

ಭಾವನ ಬಲ ಹುಬ್ಬಿನ ಮೇಲೆ ಒಂದು ಗಾಯದ ಗುರುತಿತ್ತು. ಬಿದಿಗೆಯ ಚಂದ್ರನಂತೆ ಬಾಗಿದ ಸಣ್ಣ ಗೆರೆ. ಆ ಗೆರೆಯಷ್ಟು ಜಾಗದಲ್ಲಿ ಮಾತ್ರ ಹುಬ್ಬಿನ ಕೂದಲು ಮತ್ತೆ ಬೆಳೆದಿರಲಿಲ್ಲ. ಹಿಂದೊಮ್ಮೆ ವಿಡಿಯೊ ಕಾಲ್‌ನಲ್ಲಿ ಅದು ಕಂಡಾಗ, ಅಡುಗೆಮನೆಯ ಕಪಾಟಿನ ಬಾಗಿಲು ತಗುಲಿತು ಎಂದಿದ್ದರು. ರಾಲಿ ವಿಮಾನ ನಿಲ್ದಾಣದಲ್ಲಿ ಅವರು ಬಗ್ಗಿ ನನ್ನ ಸೂಟ್‌ಕೇಸ್ ಎತ್ತಿಕೊಂಡಾಗ ಹತ್ತಿರದಿಂದ ನೋಡಿದೆ. ಕಪಾಟಿನ ಬಾಗಿಲಿಗೆ ನೇರ ಅಂಚು. ಇದು ದುಂಡಗಿನ ಯಾವುದೋ ವಸ್ತು ಮಾಡಿದ ಗಾಯ. ನಾನು ಕೈಚೀಲ ಹೆಗಲಿಗೇರಿಸಿ ಅವರ ಹಿಂದೆ ನಡೆದೆ.

ಅಕ್ಕ ಪೊನ್ನಮ್ಮ ಮತ್ತು ಭಾವ ಹರೀಶ ಉತ್ತರ ಕೆರೊಲೈನಾದ ಕ್ಯಾರಿಯಲ್ಲಿದ್ದಾರೆ. ಕೋವಿಡ್‌ನಿಂದಾಗಿ ಮುಂದೆ ಹೋಗುತ್ತಲೇ ಇದ್ದ ನನ್ನ ಪ್ರವಾಸ ಕೊನೆಗೂ ಒಂದು ಬೇಸಿಗೆಯಲ್ಲಿ ಕೂಡಿಬಂದಿತ್ತು. ನಾವು ವಿರಾಜಪೇಟೆಯ ಕಡೆಯ ಕೊಡವರು. ಭಾವ ಮೈಸೂರಿನವರು. ಅವರಿಗೆ ನಮ್ಮ ಭಾಷೆ ಬಾರದ ಕಾರಣ ಆ ಮನೆಯಲ್ಲಿ ಎಲ್ಲರ ಮಾತೂ ಕನ್ನಡವೇ.

ಕ್ಯಾರಿಯ ಬೀದಿಗಳಲ್ಲಿ ಮನುಷ್ಯರು ಕಾಣುವುದು ಕಡಿಮೆ. ಗ್ಯಾರೇಜಿನ ಬಾಗಿಲು ತಾನಾಗಿ ಏಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. ಬಂದ ಮರುದಿನ ನಾನು ಒಬ್ಬಳೇ ನಡೆದು ಹೊರಟೆ. ಒಬ್ಬ ಹೆಂಗಸು ಕಾರು ನಿಲ್ಲಿಸಿ, ಏನಾದರೂ ತೊಂದರೆಯಾಗಿದೆಯೇ, ಎಲ್ಲಿಗಾದರೂ ಬಿಡಬೇಕೇ ಎಂದು ವಿಚಾರಿಸಿದಳು. ಸುಮ್ಮನೆ ನಡೆಯುತ್ತಿದ್ದೇನೆ ಎಂದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಭಾವನ ಗ್ಯಾರೇಜಿನ ಮೂಲೆಯಲ್ಲಿ ಆಳೆತ್ತರದ ಉಕ್ಕಿನ ತಿಜೋರಿ ಇತ್ತು. ಒಳಗೆ ಅವರ ಕೋವಿ. ಮೊದಲ ದಿನವೇ ಅದರ ಮುಂದೆ ನಿಂತು ಹೇಳಿದರು: "ನೋಡು ದೇಚು, ನಿಂದು ವಿಸಿಟರ್ ವೀಸಾ. ಗನ್ ಹಿಡ್ಕೊಳ್ಳೋದಿರ್ಲಿ, ಒಂದು ತೋಟಾ ಕೂಡ ಕೈಲಿ ತಗೋಬೇಡ. ಯಾರಾದ್ರೂ ಕೊಟ್ರೂ ಸಹ. ಕಾನೂನು ತುಂಬಾ ಸ್ಟ್ರಿಕ್ಟು."

ನನಗೆ ವಿಚಿತ್ರವೆನಿಸಿತು. ನಮ್ಮ ಮನೆಯಲ್ಲಿ ಕೋವಿ ದೇವರ ಗೂಡಿನ ಪಕ್ಕದಲ್ಲಿರುತ್ತದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ನಮ್ಮ ಆಯುಧಗಳ ಹಬ್ಬವಾದ ಕೈಲ್ ಮುಹೂರ್ತದ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತೇವೆ. ನಾನೂ ಅಕ್ಕನೂ ಹುಟ್ಟುವ ಮೊದಲೇ ಬೇಟೆ ನಿಂತುಹೋಗಿತ್ತು. ನಮಗೆ ಆ ಕಾಯಿಯೇ ಮೃಗ. ಅಂಥ ನಾನು, ಹೆದ್ದಾರಿಯ ಬದಿಯಲ್ಲೇ ಕೋವಿ ಮಾರುವ ದೇಶಕ್ಕೆ ಬಂದು, ಕೈಕಟ್ಟಿ ನಿಲ್ಲಬೇಕಾಗಿತ್ತು.

ಭಾವನಿಗೆ ಆ ವರ್ಷ ಒಂದು ಅದೃಷ್ಟ ಒಲಿದಿತ್ತು. ಅಮೆರಿಕದ ಪಶ್ಚಿಮ ರಾಜ್ಯಗಳ ಬೆಟ್ಟಗಳಲ್ಲಿ ಎಲ್ಕ್ ಎಂಬ ಪ್ರಾಣಿಯಿದೆ. ನಮ್ಮ ಕಡವೆಯ ಜಾತಿ, ಗಾತ್ರದಲ್ಲಿ ಅದಕ್ಕಿಂತ ದೊಡ್ಡದು. ಅದರ ಬೇಟೆಗೆ ಸರ್ಕಾರ ಲಾಟರಿ ಎತ್ತಿ ಅನುಮತಿ ಕೊಡುತ್ತದೆ. ಎಷ್ಟೋ ವರ್ಷ ಕಾದ ಮೇಲೆ ಅವರ ಹೆಸರು ಬಂದಿತ್ತು. ಅದಕ್ಕೆಂದೇ ಒಂದು ಕೋವಿಯನ್ನು ತಮ್ಮ ಅಳತೆಗೆ ಮಾಡಿಸುತ್ತಿದ್ದರು. ಬಹಳ ದೂರದಿಂದ ಹೊಡೆಯುವಂಥದ್ದು. ಉಳಿದದ್ದೆಲ್ಲ ತೀರ್ಮಾನವಾಗಿತ್ತು, ತೋಟಾ ಯಾವುದೆಂಬುದು ಮಾತ್ರ ಆಗಿರಲಿಲ್ಲ. ಮೊದಲು ತೋಟಾ ಆರಿಸಬೇಕು. ಅದಕ್ಕೆ ತಕ್ಕ ನಳಿಗೆಯನ್ನು ತೆಗೆದುಕೊಂಡು, ತೋಟಾ ಕೂರುವ ಗೂಡನ್ನು ಅದರದೇ ಆಕಾರಕ್ಕೆ ಕೊರೆಯುತ್ತಾರೆ. ಒಮ್ಮೆ ಕೊರೆದರೆ ಮುಗಿಯಿತು.

ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕ, ಮದ್ದಿಲ್ಲದ ಎರಡು ಮಾದರಿ ತೋಟಾಗಳನ್ನು ನಿಲ್ಲಿಸಿದ್ದರು. ಒಂದು ಆರೂವರೆ. ನನ್ನ ನಡುಬೆರಳಿನಷ್ಟು ಉದ್ದ. ಇನ್ನೊಂದು ಮುನ್ನೂರು. ಅದಕ್ಕಿಂತ ಉದ್ದ, ಹೊಟ್ಟೆ ದಪ್ಪ. ಹೆಸರು ಕೇಳಿದರೆ ಇಲಿಗೂ ಆನೆಗೂ ಇರುವ ಅಂತರ. ವಾಸ್ತವದಲ್ಲಿ ಒಂದರ ಅಳತೆ ಮಿಲಿಮೀಟರಿನದು, ಇನ್ನೊಂದರದು ಇಂಚಿನ ಸಾವಿರದಲ್ಲೊಂದು ಪಾಲಿನದು. ಎರಡರ ಗುಂಡುಗಳ ದಪ್ಪದಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ವ್ಯತ್ಯಾಸ ಅಷ್ಟೆ. ದೊಡ್ಡ ವ್ಯತ್ಯಾಸವಿರುವುದು ಮದ್ದಿನಲ್ಲಿ, ಆದ್ದರಿಂದ ಭುಜಕ್ಕೆ ಬೀಳುವ ಒದೆತದಲ್ಲಿ. ನಾನು ಭೌತಶಾಸ್ತ್ರ ಓದಿದವಳು. ಮುನ್ನೂರರ ಒದೆತ ಇನ್ನೊಂದರ ಸುಮಾರು ಎರಡರಷ್ಟು ಎಂಬುದನ್ನು ಕೂತಲ್ಲೇ ಲೆಕ್ಕ ಹಾಕಿದೆ.

"ಮುನ್ನೂರೇ," ಎಂದರು ಭಾವ. "ನಾಳೆ ಎರಡನ್ನೂ ಹೊಡೆದು ನೋಡೋದು ಸುಮ್ನೆ ಫಾರ್ಮಾಲಿಟಿ. ಹೋದ್ ಸಲ ನಂಗೆ ಪವರ್ ಸಾಲ್ಲಿಲ್ಲ."

ಹೋದ ಸಲ ಏನಾಯಿತೆಂದು ಅಕ್ಕ ಹೇಳಿದ್ದು, ಭಾವ ಮೇಲೆ ಹೋದ ನಂತರ, ಪಾತ್ರೆ ತೊಳೆಯುತ್ತಾ.

"ಕಳೆದ ಚಳಿಗಾಲದಲ್ಲಿ ಒಂದು ಜಿಂಕೆಗೆ ಹೊಡೆದ್ರು. ಅದು ಬಿತ್ತು, ಎದ್ದು ಹೋಯ್ತು. ಸ್ವಲ್ಪ ದೂರ ರಕ್ತ ಇತ್ತು, ಆಮೇಲೆ ಇಲ್ಲ."

"ಹುಡುಕ್ಲಿಲ್ವಾ?"

"ಫೋನ್ ಮಾಡಿ ನನ್ನೂ ಕರೆಸ್ಕೊಂಡ್ರು ಕಣೇ. ಮಂಡಿ ಊರಿ ಒಂದೊಂದೇ ಎಲೆ ತಿರುಗ್ಸಿ ನೋಡ್ದೆ. ಕತ್ತಲಾಯ್ತು. ಸಿಗ್ಲಿಲ್ಲ." ಅಕ್ಕ ನಲ್ಲಿ ನಿಲ್ಲಿಸಿದಳು. "ಇನ್ನೊಂದ್ ಪ್ರಾಣಿ ಹಾಗೆ ನರಳ್ಕೊಂಡು ಹೋದ್ರೆ ಆ ತಿಜೋರಿ ಈ ಮನೇಲಿರಲ್ಲ ಅಂತ ಹೇಳಿದೀನಿ. ನಾನೂ ಇರ್ತೀನೋ ಇಲ್ವೋ. ತಮಾಷೆಗೆ ಹೇಳಿದ್ದಲ್ಲ."

ಹೊಡೆದ ಮೇಲೆ ಬಿಟ್ಟುಬರಬಾರದು ಎಂಬುದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಕೊಡುವ ಮಾತಲ್ಲ. ಅದು ಗೊತ್ತೇ ಇರುತ್ತದೆ. ಅಕ್ಕ ಬೇರೆ ಏನೂ ಹೇಳಬೇಕಾಗಿರಲಿಲ್ಲ.

ಬ್ಯಾಲಂಟೈನ್

ಕೋವಿ ಮಾಡುವವನ ಅಂಗಡಿ ದಕ್ಷಿಣ ಕೆರೊಲೈನಾದಲ್ಲಿ. ಅಕ್ಕನಿಗೆ ಕೆಲಸವಿದ್ದುದರಿಂದ ನಾನೂ ಭಾವನೂ ಇಬ್ಬರೇ ಹೊರಟೆವು. ದಾರಿಯಲ್ಲಿ ಶಾರ್ಲೆಟ್ಟಿನ ಬ್ಯಾಲಂಟೈನ್‌ನಲ್ಲಿ ಪಾಟೀಲರ ಮನೆ. ಧಾರವಾಡದ ಕಡೆಯ ಎಂಜಿನಿಯರು. ಭಾವನನ್ನು ಬೇಟೆಗೆ ಹಚ್ಚಿದವರು ಅವರೇ.

"ಬರ್ರಿ ಬರ್ರಿ! ಕೊಡಗಿನ ಹುಡುಗಿ ಬಂದ್ಲು, ಇನ್ನ ಬಂದೂಕಿನ ಮಾತು ಸುರು ಮಾಡೂಣು," ಎನ್ನುತ್ತ ಬಾಗಿಲು ತೆರೆದರು. ನನ್ನ ತಟ್ಟೆಗೆ ರೊಟ್ಟಿ ಹಾಕುವ ಮೊದಲೇ ವಿಷಯಕ್ಕೆ ಬಂದರು. "ಆರೂವರಿ ತಗೋಬ್ಯಾಡ್ರಿ ಹರೀಶ. ಅದರಾಗ ಹೊಡದ್ರ ಎಲ್ಕ್ ಹೊಳ್ಳಿ ನೋಡಿ, ಯಾರ್ರೀ ಅದು ಕಲ್ಲು ಒಗದವ್ರು, ಅಂತ ಕೇಳ್ತದ."

ಭಾವ ನಕ್ಕರು. "ಮುನ್ನೂರೇ ಅಂತ ಡಿಸೈಡ್ ಮಾಡಿದೀನಿ."

"ಹಂಗ ಬರ್ರಿ ದಾರಿಗೆ. ನೋಡವಾ," ಎಂದು ನನ್ನ ಕಡೆ ತಿರುಗಿ, ಭಾವನ ಹುಬ್ಬಿನತ್ತ ಬೆರಳು ತೋರಿಸಿದರು, "ನಮ್ಮ ಮುನ್ನೂರು ನಿಮ್ಮ ಭಾವಗ ಹಚ್ಚಿದ ಕುಂಕುಮ! ಬಂದೂಕಿನ ಮ್ಯಾಲಿನ ದುರ್ಬೀನಿಗೆ ಕಣ್ಣು ಭಾಳ ಹತ್ರ ಇಟ್ಟಿದ್ರು. ಢಂ ಅಂತು, ಸೀದಾ ಬಂದು ಬಡೀತು. ಮಾರಿ ತುಂಬಾ ರಕ್ತ."

"ಅದು ಹಳೇ ಕಥೆ ಬಿಡಿ ಪಾಟೀಲ್ರೇ," ಎಂದರು ಭಾವ. ನಗುತ್ತಲೇ ಇದ್ದರು, ಆದರೆ ಅವರ ಬೆರಳು ಹುಬ್ಬಿನ ಮೇಲೆ ಹೋಗಿತ್ತು.

"ಹಳೇದೇನ್ರೀ, ಆಮ್ಯಾಲ ಎರಡು ವಾರಕ್ಕ ಆ ಜಿಂಕಿಗೆ ಹೊಡದ್ರಿ."

ನಾನು ರೊಟ್ಟಿಯ ಕಡೆಗೇ ನೋಡುತ್ತಿದ್ದೆ. ಮೊದಲು ಗಾಯ. ಆಮೇಲೆ ಜಿಂಕೆ.

ಪಾಟೀಲರು ಅಲ್ಲಿಗೇ ಬಿಡಲಿಲ್ಲ. "ಮಾವನ ಮನ್ಯಾಗ ಕಾಯಿಗೆ ಹೊಡದಿರೇನು?" ಎಂದು ಕೇಳಿದರು. ಭಾವ ನೀರಿನ ಲೋಟ ಎತ್ತಿಕೊಂಡರು. ಮದುವೆಯಾದ ಮೊದಲ ಕೈಲ್ ಮುಹೂರ್ತಕ್ಕೆ ಅವರು ಬಂದಿದ್ದು ನನಗೆ ನೆನಪಿದೆ. ಗುಂಡು ಹಾಕುವ ಮೊದಲು ಅಪ್ಪ, "ಬನ್ನಿ, ಒಂದು ಸಲ ನಾಣ್ಯ ಇಟ್ಟು ನೋಡೋಣ," ಎಂದಿದ್ದರು. ಹೊಸಬರಿಗೆಲ್ಲ ಅಪ್ಪ ಹಾಗೆಯೇ ಕಲಿಸುವುದು. ಖಾಲಿ ಕೋವಿಯ ನಳಿಗೆಯ ತುದಿಯಲ್ಲಿ ಒಂದು ರೂಪಾಯಿ ಇಟ್ಟು ಕುದುರೆ, ಅಂದರೆ ಟ್ರಿಗರ್, ಎಳೆಯಲು ಹೇಳುತ್ತಾರೆ. ಮೈ ಹೆದರಿದ್ದರೆ ಕೈಗೆ ಗೊತ್ತಾಗುವ ಮುಂಚೆಯೇ ನಾಣ್ಯ ಬೀಳುತ್ತದೆ. ನಾಣ್ಯ ನಿಲ್ಲುವವರೆಗೆ ನಮಗಿಬ್ಬರಿಗೂ ಅಪ್ಪ ಗುಂಡು ಕೊಟ್ಟಿರಲಿಲ್ಲ. ಭಾವ, "ಮಾವ, ನಾನು ಎಂಜಿನಿಯರ್ರು, ಫಿಸಿಕ್ಸ್ ಗೊತ್ತು," ಎಂದು ನಗಿಸಿ ನೇರವಾಗಿ ಹೊಡೆದರು. ಕಾಯಿ ಅಲುಗಲಿಲ್ಲ. "ಮೈಸೂರು ಅಳಿಯಂಗೆ ಕಾಯಿ ಒಡೆಯೋಕೆ ಕಲ್ಲು ಕೊಡ್ರೋ," ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕಿದ್ದಿರಬೇಕು. ಆ ಕೂಗು ಈ ಮನುಷ್ಯನ ಜೊತೆ ಸಮುದ್ರ ದಾಟಿ ಬಂದಿದೆಯೆಂದು ಪಾಟೀಲರ ಊಟದ ಮೇಜಿನಲ್ಲಿ ನನಗೆ ಮೊದಲ ಸಲ ಅನ್ನಿಸಿತು.

ಗಡಿಯಾಚೆ

ಗಡಿ ದಾಟಿದ ಮೇಲೆ ಮಣ್ಣು ಕೆಂಪಾಯಿತು. ಒಂದು ತಿರುವಿನಲ್ಲಿ ಮುದುಕಿಯೊಬ್ಬಳು ದೊಡ್ಡ ಹಂಡೆಯಲ್ಲಿ ಉಪ್ಪುನೀರಿಗೆ ಕಡಲೆಕಾಯಿ ಹಾಕಿ ಬೇಯಿಸುತ್ತಿದ್ದಳು. ನಾನು ಕಾರು ನಿಲ್ಲಿಸಲು ಹೇಳಿದೆ. ಇಡೀ ಪ್ರವಾಸದಲ್ಲಿ ನಾನಾಗಿ ಕೇಳಿದ್ದು ಅದೊಂದೇ ಇರಬೇಕು. ಬಸವನಗುಡಿಯ ಕಡಲೆಕಾಯಿಯದೇ ರುಚಿ, ಉಪ್ಪು ಸ್ವಲ್ಪ ಜಾಸ್ತಿ. ತಿನ್ನಲು ಗೊತ್ತಾ ಎಂದು ಅವಳು ನನ್ನನ್ನು ಕೇಳಿ, ಸಿಪ್ಪೆ ಹೇಗೆ ಒಡೆಯಬೇಕೆಂದು ತೋರಿಸಿಕೊಟ್ಟಳು. ಸುಮ್ಮನೆ ಕಲಿತುಕೊಂಡೆ.

ಕೋವಿ ಮಾಡುವವನ ಹೆಸರು ವೇಡ್. ತಗಡಿನ ಶೆಡ್ಡು, ಒಳಗೆ ಎಣ್ಣೆಯ ವಾಸನೆ, ಲೇತ್ ಯಂತ್ರ. ಗೋಡೆಗೆ ಒರಗಿ ನಿಂತ ನಳಿಗೆಗಳಲ್ಲಿ ಭಾವನಿಗಾಗಿ ಎರಡನ್ನು ಬೇರೆ ಇಟ್ಟಿದ್ದ. ಮಾತು ಕಡಿಮೆ, ಆದರೆ ಆತುರದ ಮನುಷ್ಯ. ನಾಳೆ ಬೆಳಿಗ್ಗೆ ಒಂದನ್ನು ಯಂತ್ರಕ್ಕೆ ಹಾಕುತ್ತೇನೆ, ಯಾವುದೆಂದು ಹೇಳಿ, ತಪ್ಪಿದರೆ ನಿಮ್ಮ ಸರದಿ ಚಳಿಗಾಲಕ್ಕೆ ಹೋಗುತ್ತದೆ ಎಂದ. ಅಂದರೆ ಬೇಟೆಯ ಕಾಲ ಮುಗಿದ ಮೇಲೆ. ನೀವೇ ಆಗಿದ್ದರೆ ಯಾವುದು ಎಂದು ಭಾವ ಕೇಳಿದ್ದಕ್ಕೆ, ಮುನ್ನೂರು ಎಂದು ಯೋಚಿಸದೆ ಹೇಳಿದ. ಚಿಕ್ಕದಾದರೆ ಹತ್ತಿರ ಹೋಗಿ ಹೊಡೆಯಬೇಕು, ಅಷ್ಟು ನಡೆಯುವವರು ಯಾರು ಎಂದ.

ಮಾತಾಡುತ್ತಲೇ ಕಪಾಟಿನಿಂದ ಒಂದು ತೋಟಾ ತೆಗೆದು, ಇದನ್ನು ಹಿಡಿದು ನೋಡು ಎಂದು ನನ್ನ ಕಡೆ ಚಾಚಿದ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡೆ. ಅವನು ಅಷ್ಟರಲ್ಲಿ ಬಿಟ್ಟಿದ್ದ. ಅದು ಮೇಜಿಗೆ ಬಡಿದು, ಉರುಳಿ, ನನ್ನ ಚಪ್ಪಲಿಯ ಹತ್ತಿರ ಬಂದು ನಿಂತಿತು. ಯಾರೂ ಬಗ್ಗಲಿಲ್ಲ. ಅದು ಕಚ್ಚುವುದಿಲ್ಲ ಎಂದ ವೇಡ್, ನಗದೆ. ಕೊನೆಗೆ ಭಾವ ಎತ್ತಿಟ್ಟು ನನ್ನ ವೀಸಾದ ಸಂಗತಿ ವಿವರಿಸಿದರು. ನನ್ನ ಕಿವಿ ಬಿಸಿಯಾಗಿತ್ತು.

ಶೆಡ್ಡಿನ ಹಿಂದೆ ಉದ್ದನೆಯ ಹುಲ್ಲುಗಾವಲು, ಅದರ ಕೊನೆಯಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ನೇತುಹಾಕಿದ ಉಕ್ಕಿನ ತಟ್ಟೆ. ಭಾವ ಬೆಂಚಿಗೆ ಕೂತರು. ನಾನು ಕಿವಿಮುಚ್ಚುಗ ಹಾಕಿಕೊಂಡು ಹಿಂದೆ ಸ್ಟೂಲಿನ ಮೇಲೆ ಕೂತೆ. ಮೊದಲು ವೇಡ್‌ನ ಆರೂವರೆಯಲ್ಲಿ ಹೊಡೆದರು. ತಟ್ಟೆ ಹೆಚ್ಚಿನ ಸಲ ಟಣ್ ಎಂದಿತು. ಆಮೇಲೆ ಅವನ ಮುನ್ನೂರು. ಅದರ ಸದ್ದು ಕಿವಿಗಲ್ಲ, ಎದೆಗೆ ಬಂತು. ಬೆಂಚಿನ ಮೇಲಿನ ಧೂಳು ಎದ್ದಿತು. ತಟ್ಟೆ ಅಲುಗಲಿಲ್ಲ. ಮತ್ತೆ ಹೊಡೆದರು. ದಿಬ್ಬದ ಮಣ್ಣು ಹಾರಿತು.

"ಗಾಳಿ," ಎಂದರು ಭಾವ.

ಹುಲ್ಲು ಅಲುಗುತ್ತಿರಲಿಲ್ಲ. ಮತ್ತೊಮ್ಮೆ ಹೊಡೆದಾಗ ತಟ್ಟೆಯ ಅಂಚಿಗೆ ತಗುಲಿತು. ಆ ಹೊತ್ತಿಗೆ ವೇಡ್ ಯಾವುದೋ ಗಿರಾಕಿ ಬಂದನೆಂದು ಒಳಗೆ ಹೋದ. ಭಾವ ತೋಟಾ ಏರಿಸಲು ಕೋವಿಯ ಪಕ್ಕದ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರು. ಅವಸರದಲ್ಲಿ ಪೂರ್ತಿ ಹಿಂದಕ್ಕೆ ಎಳೆದಿರಲಿಲ್ಲ. ಹಾಗಾಗಿ ಹೊಸ ತೋಟಾ ಗೂಡಿಗೆ ಏರಲೇ ಇಲ್ಲ. ಅದು ಅವರಿಗೆ ಗೊತ್ತಾಗಲಿಲ್ಲ. ನನಗೂ ಆಗಿರಲಿಲ್ಲ. ಅವರು ಗುರಿ ಹಿಡಿದು, ಉಸಿರು ಬಿಟ್ಟು, ಕುದುರೆ ಎಳೆದರು.

ಟಿಕ್ ಎಂದಿತು, ಅಷ್ಟೆ.

ಆ ಟಿಕ್‌ನೊಂದಿಗೇ ನಳಿಗೆಯ ಮೂತಿ ಅಂಗೈಯಗಲ ಕೆಳಗೆ ಕುಕ್ಕಿತು. ಭುಜ ಮುಂದೆ ಹೋಯಿತು, ಕುತ್ತಿಗೆ ಹಿಂದೆ ಸೆಳೆಯಿತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು. ಇಲ್ಲದ ಒದೆತಕ್ಕೆ ಇಡೀ ದೇಹ ಹೆದರಿತ್ತು. ಗುಂಡು ಇದ್ದಿದ್ದರೆ ಆ ಸದ್ದಿನಲ್ಲಿ ಯಾರಿಗೂ ಇದು ಕಾಣುತ್ತಿರಲಿಲ್ಲ. ಅವರಿಗೂ.

ಭಾವ ತಟ್ಟನೆ ಹಿಂದಕ್ಕೆ ತಿರುಗಿದರು. ನಾನು ಮಡಿಲಿನ ಕಡಲೆಕಾಯಿ ಪೊಟ್ಟಣದ ಕಡೆ ನೋಡುತ್ತಿದ್ದೆ.

"ಮಿಸ್‌ಫೈರ್," ಎಂದರು. ನಾನು ತಲೆಯಾಡಿಸಿದೆ. ಅವರು ಹಿಡಿಯನ್ನು ಹಿಂದಕ್ಕೆಳೆದಾಗ ಒಳಗಿನಿಂದ ಏನೂ ಬೀಳಲಿಲ್ಲ.

ಮರಳುವ ದಾರಿ

ಬೇರೆಯವರ ಮನೆಯ ವಿಷಯಕ್ಕೆ ನಾನು ಹೋಗುವವಳಲ್ಲ. ನನ್ನ ವಿಷಯಕ್ಕೆ ಬರುವವರೂ ನನಗೆ ಹಿಡಿಸುವುದಿಲ್ಲ. ಹೆದ್ದಾರಿಗೆ ಬಂದ ಮೇಲೆ ಕಿಟಕಿಯಾಚೆ ಮರಗಳನ್ನೂ ವಿದ್ಯುತ್ ಕಂಬಗಳನ್ನೂ ಒಟ್ಟಿಗೆ ಮುಚ್ಚಿದ ಕುಡ್ಜು ಬಳ್ಳಿಯನ್ನು ನೋಡುತ್ತ, ಸುಮ್ಮನಿದ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ಬೆಳಿಗ್ಗೆ ವೇಡ್ ಮುನ್ನೂರಕ್ಕೆ ಕೊರೆಯುತ್ತಾನೆ. ಮಳೆಗಾಲ ಕಳೆದು ನಾನು ಊರಿನಲ್ಲಿರುವಾಗ, ಎಲ್ಲೋ ಒಂದು ಬೆಟ್ಟದಲ್ಲಿ ನಳಿಗೆಯ ಮೂತಿ ಕೆಳಗೆ ಕುಕ್ಕುತ್ತದೆ. ಗುಂಡು ಎದೆಗೆ ಬೀಳುವ ಬದಲು ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ಅಕ್ಕ ಈ ಸಲ ಎಲೆ ತಿರುಗಿಸಲು ಹೋಗುವುದಿಲ್ಲ.

"ಭಾವ," ಎಂದೆ.

"ಹೂಂ."

"ಅದು ಮಿಸ್‌ಫೈರ್ ಅಲ್ಲ. ಒಳಗೆ ತೋಟಾ ಇರ್ಲಿಲ್ಲ."

"ಸರಿ, ಇರ್ಲಿಲ್ಲ. ಏನೀಗ?"

"ತೋಟಾ ಇಲ್ದೇನೂ ನಳಿಗೆ ಕೆಳಗೆ ಹೋಯ್ತು. ಕಣ್ಣು ಮುಚ್ಚಿದ್ರಿ."

ನಾವು ಇಳಿಯಬೇಕಾಗಿದ್ದ ತಿರುವು ಬಂತು, ಹೋಯಿತು. ನಕ್ಷೆ ಹೇಳುವ ಹೆಂಗಸಿನ ದನಿ ಹೊಸ ದಾರಿ ಹುಡುಕುತ್ತಿದ್ದೇನೆಂದು ಶಾಂತವಾಗಿ ಹೇಳಿತು. ಅವಳ ಮಾತನ್ನೂ ಅವರು ಕೇಳಿದಂತೆ ಕಾಣಲಿಲ್ಲ.

"ಕಾಯಿ ಒಡೆದೋರೆಲ್ಲ ನಂಗೆ ಪಾಠ ಹೇಳೋರೇ," ಎಂದರು ಭಾವ ಆಮೇಲೆ. "ಹದಿನೈದು ವರ್ಷ ಆಯ್ತು ಈ ದೇಶಕ್ಕೆ ಬಂದು. ನೀನು ಬಂದು ಇನ್ನೂ ಜೆಟ್ ಲ್ಯಾಗ್ ಹೋಗಿಲ್ಲ."

ಕಾರಿನ ವೇಗ ಏರುತ್ತಿತ್ತು. ನಾನು ಸೀಟಿನ ಅಂಚು ಹಿಡಿದುಕೊಂಡೆ. ಅದು ಅವರ ಕಣ್ಣಿಗೆ ಬಿತ್ತೋ ಏನೋ, ವೇಗ ಇಳಿಯಿತು.

"ಅಕ್ಕಂಗೆ ಹೇಳ್ತೀಯಾ?"

"ನಿಮಗೆ ಹೇಳ್ದೆ."

"ಅದಲ್ಲ ಕೇಳಿದ್ದು."

"ಅಷ್ಟೇ ಭಾವ. ನಿಮಗೆ ಹೇಳ್ದೆ."

ಆಗ ಪಾಟೀಲರ ಫೋನ್ ಬಂತು. ಕಾರಿನ ತುಂಬ ಅವರ ದನಿ: "ಏನ್ರೀ, ಮುನ್ನೂರು ಹೆಂಗ ಮಾತಾಡ್ತು? ಫೈನಲ್ ಹೌದಲ್ರೀ?"

"ಬೆಳಿಗ್ಗೆ ಹೇಳ್ತೀನಿ ಪಾಟೀಲ್ರೇ. ಡ್ರೈವ್ ಮಾಡ್ತಿದೀನಿ," ಎಂದು ಭಾವ ಕಟ್ ಮಾಡಿದರು.

ಮನೆ ತಲುಪಿದಾಗ ಅಕ್ಕ ಅಕ್ಕಿತರಿಯ ಉಂಡೆ, ಕಡಂಬುಟ್ಟು, ಮಾಡಿಟ್ಟಿದ್ದಳು. ನಮ್ಮಿಬ್ಬರ ಮುಖ ನೋಡಿದಳು. "ಹೇಗಾಯ್ತು?" ಎಂದಳು. "ಪರವಾಗಿಲ್ಲ," ಎಂದರು ಭಾವ. ಅಕ್ಕ ನನ್ನ ಕಡೆ ತಿರುಗಿದಳು. ನಾನು ಕಡಲೆಕಾಯಿ ಪೊಟ್ಟಣವನ್ನು ಅವಳ ಕೈಗಿತ್ತು, ನಮ್ಮೂರಿನದೇ ಥರ ಇದೆ ಎಂದೆ. ಮೇಜಿನ ಮೇಲೆ ಆ ಎರಡು ಮಾದರಿ ತೋಟಾಗಳು ಹಾಗೇ ನಿಂತಿದ್ದವು. ಮೂವರೂ ಅವುಗಳ ಸುತ್ತ ಕೂತು ಉಂಡೆವು. ಉಪ್ಪಿನಕಾಯಿ ಬೇಕಾದರೂ ನಾನು ಕೈ ಚಾಚಲಿಲ್ಲ.

ಬೆಳಿಗ್ಗೆ

ಎದ್ದಾಗ ಗ್ಯಾರೇಜಿನಿಂದ ಟಿಕ್ ಎಂಬ ಸದ್ದು ಬರುತ್ತಿತ್ತು. ಸ್ವಲ್ಪ ಬಿಟ್ಟು ಮತ್ತೆ ಟಿಕ್.

ಭಾವ ಅಕ್ಕನ ಯೋಗದ ಚಾಪೆಯ ಮೇಲೆ ಬೋರಲು ಮಲಗಿ ತಮ್ಮ ಹಳೆಯ ಕೋವಿ ಹಿಡಿದಿದ್ದರು. ಎದುರಿನ ಗೋಡೆಗೆ ಒಂದು ಸಣ್ಣ ಚೀಟಿ ಅಂಟಿಸಿದ್ದರು. ನಾನು ಬಾಗಿಲಲ್ಲಿ ನಿಂತದ್ದು ಗೊತ್ತಾದರೂ ತಿರುಗಲಿಲ್ಲ.

"ಒಬ್ನೇ ಮಾಡಿದ್ರೆ ಗೊತ್ತಾಗಲ್ಲ ಕಣೆ," ಎಂದರು. "ಕಣ್ಣು ಮುಚ್ಕೊಳ್ಳೋನಿಗೆ ಕಣ್ಣು ಮುಚ್ಚಿದ್ದು ಹೇಗೆ ಕಾಣುತ್ತೆ?"

ಕೋಣೆಗೆ ಹೋಗಿ ಪರ್ಸ್ ತಂದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಉಳಿದ ಚಿಲ್ಲರೆ ಇತ್ತು. ಒಂದು ರೂಪಾಯಿಯ ನಾಣ್ಯ ಹುಡುಕಿ ತೆಗೆದೆ. ಅದನ್ನು ನೋಡಿ ಭಾವನ ಮುಖ ಬದಲಾಯಿತು.

"ಗನ್ ಮುಟ್ಟಬೇಡ ನೀನು," ಎಂದರು.

"ಮುಟ್ಟಲ್ಲ. ನಾಣ್ಯ ಮಾತ್ರ. ಮೊದ್ಲು ಖಾಲಿ ಇದ್ಯಾ ತೋರ್ಸಿ."

ಅವರು ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದು ತೋರಿಸಿದರು. ಬಗ್ಗಿ ನೋಡಿದೆ. ಗೂಡು ಖಾಲಿಯಿತ್ತು. ಅವರು ಮುಚ್ಚಿ ಗುರಿ ಹಿಡಿದರು. ನಳಿಗೆಯ ತುದಿಯಲ್ಲಿ, ಬೆರಳು ಉಕ್ಕಿಗೆ ತಾಗದಂತೆ, ನಾಣ್ಯವನ್ನಿಟ್ಟು ಬಿಟ್ಟೆ. ಅದು ಸ್ವಲ್ಪ ವಾಲಿ ನಿಂತಿತು.

ಟಿಕ್. ನಾಣ್ಯ ಕಾಂಕ್ರೀಟಿನ ಮೇಲೆ ಬಿದ್ದು ಕಾರಿನ ಕೆಳಗೆ ಉರುಳಿತು. ಮಂಡಿಯೂರಿ ತೆಗೆದೆ. ಮತ್ತೆ ಇಟ್ಟೆ. ಮತ್ತೆ ಬಿತ್ತು.

"ನಿಮ್ಮಪ್ಪ ಅವತ್ತೇ ಹೇಳಿದ್ರು," ಎಂದರು ಭಾವ, ಕೋವಿಯಿಂದ ಕೆನ್ನೆ ಎತ್ತದೆ.

ನಾನು ನಾಣ್ಯವನ್ನು ಇಡುತ್ತಿದ್ದಾಗ ಅವರ ಫೋನ್ ಚಾಪೆಯ ಪಕ್ಕದಲ್ಲಿ ನಡುಗತೊಡಗಿತು. ಪರದೆಯ ಮೇಲೆ ವೇಡ್‌ನ ಹೆಸರು. ನಾನು ಕೈ ಹಿಂದೆ ತೆಗೆದು ಕಾದೆ. ಭಾವ ಕೋವಿ ಇಳಿಸಿ ಎದ್ದು ಕೂತರು, ನಾಣ್ಯ ನೆಲಕ್ಕೆ ಬಿತ್ತು. ಹುಬ್ಬನ್ನು ಒಮ್ಮೆ ಸವರಿಕೊಂಡು ಫೋನ್ ಎತ್ತಿದರು.

ಆರೂವರೆ ಎಂದರು. ಅತ್ತ ಕಡೆಯಿಂದ ವೇಡ್ ಏನೋ ಕೇಳಿದ. ಹೌದು, ಖಂಡಿತ ಎಂದರು. ಅವನು ಮತ್ತೇನೋ ಹೇಳಿದ, ಸ್ವಲ್ಪ ಉದ್ದಕ್ಕೆ. ಭಾವ ಗೋಡೆಯ ಮೇಲಿನ ಚೀಟಿಯನ್ನು ನೋಡುತ್ತ ಕೇಳಿಸಿಕೊಂಡರು.

"ಗೊತ್ತು," ಎಂದರು ಇಂಗ್ಲಿಷಿನಲ್ಲಿ. "ಹತ್ತಿರ ಹೋಗುತ್ತೇನೆ."

ಫೋನ್ ಇಟ್ಟು ಮತ್ತೆ ಬೋರಲು ಮಲಗಿದರು. ಒಳಬಾಗಿಲಲ್ಲಿ ಅಕ್ಕ ಕಾಫಿ ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಅವಳು ನನ್ನನ್ನು ನೋಡಲಿಲ್ಲ, ಭಾವನನ್ನೂ ನೋಡಲಿಲ್ಲ. ನೆಲದ ಮೇಲಿದ್ದ ರೂಪಾಯಿಯನ್ನು ನೋಡಿದಳು. ಲೋಟವನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದಳು.

"ಇಡು," ಎಂದರು ಭಾವ.

ನಾನು ನಾಣ್ಯವನ್ನು ಎತ್ತಿ, ಧೂಳು ಒರೆಸಿ, ನಳಿಗೆಯ ತುದಿಯ ಮೇಲಿಟ್ಟೆ.